ಗಣಿತ ಕೋರ್ಸಿಗೆ ಟಿಎ ಆದವರು ನಿಯಮ ಮಾಡುವುದು ಹೇಗೆ: ಮೊದಲ ವಾರದಿಂದ ಕೊನೆಯ ಅಂಕಪಟ್ಟಿಯವರೆಗೆ

ವಿಶ್ವವಿದ್ಯಾಲಯದ ಗಣಿತ ಕೋರ್ಸಿನಲ್ಲಿ ಪಾಠ ಮಾಡುವವರು ಪ್ರೊಫೆಸರ್. ಆದರೆ ವಿದ್ಯಾರ್ಥಿ ಬರೆದದ್ದನ್ನು ಸಾಲು ಸಾಲಾಗಿ ಓದುವವರು ಬಹುಪಾಲು ಟೀಚಿಂಗ್ ಅಸಿಸ್ಟೆಂಟ್, ಅಂದರೆ ಟಿಎ. ಹೋಮ್‌ವರ್ಕ್ ಹಾಳೆಯ ಮೇಲೆ ಬೀಳುವ ಗುರುತು ಅವರದು, ಲೆಕ್ಕ ಅಭ್ಯಾಸ ಮಾಡಿಸುವ ಟ್ಯುಟೋರಿಯಲ್ ತರಗತಿಯಲ್ಲಿ ಎದುರಿಗೆ ನಿಲ್ಲುವವರೂ ಅವರೇ. ಕೊನೆಯ ಸಾಲಿನ ಉತ್ತರ ನೋಡಿ ಟಿಕ್ ಹಾಕುವ ಟಿಎ ಸಿಕ್ಕರೆ ವಿದ್ಯಾರ್ಥಿಗಳು ಕೊನೆಯ ಸಾಲನ್ನು ಹೇಗಾದರೂ ಮುಟ್ಟುವುದನ್ನು ಕಲಿಯುತ್ತಾರೆ. ನಡುವಿನ ತರ್ಕವನ್ನು ಓದುವ ಟಿಎ ಸಿಕ್ಕರೆ ತರ್ಕ ಬರೆಯುವುದನ್ನು ಕಲಿಯುತ್ತಾರೆ.

ಇದು ಮೊದಲ ಸಲ ಟಿಎ ಆಗುತ್ತಿರುವವರಿಗಾಗಿ ಬರೆದದ್ದು. ನಿಯಮಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅವೆಲ್ಲ ಒಂದೇ ಮಾತಿನಿಂದ ಹೊರಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ: ಅಂಕ ಇರುವುದು ಉತ್ತರಕ್ಕಲ್ಲ, ಆ ಉತ್ತರ ಯಾಕೆ ಸರಿ ಎಂದು ಓದುವವರಿಗೆ ಮನದಟ್ಟಾಗುವಂತೆ ಬರೆದದ್ದಕ್ಕೆ. ತಡವಾಗಿ ಬಂದ ಹಾಳೆಯಿರಲಿ, ಗುಂಪಿನಲ್ಲಿ ಮಾಡಿದ ಲೆಕ್ಕವಿರಲಿ, ಅಂಕ ಕಡಿಮೆಯಾಯಿತೆಂಬ ದೂರಿರಲಿ, ಈ ಮಾತನ್ನು ಹಿಡಿದುಕೊಂಡರೆ ತೀರ್ಮಾನ ಸುಲಭ.

ಮೊದಲ ಹೆಜ್ಜೆ: ಪ್ರೊಫೆಸರ್ ಜೊತೆ ಕೂತು ಗಡಿ ಗುರುತಿಸಿಕೊಳ್ಳಿ

ತರಗತಿ ಶುರುವಾಗುವ ಮುನ್ನವೇ ಪ್ರೊಫೆಸರ್ ಹತ್ತಿರ ಅರ್ಧ ಗಂಟೆ ಸಮಯ ಕೇಳಿ. ನಿಮ್ಮ ಕೈಯಲ್ಲಿ ಯಾವ ತೀರ್ಮಾನ ಇದೆ, ಯಾವುದು ಅವರದು ಎಂಬುದು ಆ ಮಾತುಕತೆಯಲ್ಲಿ ಸ್ಪಷ್ಟವಾಗಬೇಕು. ಕೊನೆಯ ದಿನಾಂಕವನ್ನು ಮುಂದೂಡುವ ಅಧಿಕಾರ ನಿಮಗಿದೆಯೇ? ಅನಾರೋಗ್ಯದ ಕಾರಣ ಹೇಳಿ ಬಂದವರನ್ನು ಯಾರ ಬಳಿ ಕಳಿಸಬೇಕು? ತರಗತಿಯಲ್ಲಿ ಇನ್ನೂ ಹೇಳಿಕೊಡದ ಪ್ರಮೇಯವನ್ನು ವಿದ್ಯಾರ್ಥಿ ಬಳಸಿದರೆ ಒಪ್ಪಬೇಕೇ? ಕ್ಯಾಲ್ಕುಲೇಟರ್, ಲೆಕ್ಕ ಮಾಡಿಕೊಡುವ ತಂತ್ರಾಂಶ, ಕೃತಕ ಬುದ್ಧಿಮತ್ತೆಯ ಸಾಧನಗಳ ಬಗ್ಗೆ ಕೋರ್ಸಿನ ನಿಲುವೇನು? ನಕಲು ಎಂಬ ಅನುಮಾನ ಬಂದರೆ ಮುಂದೇನು?

ಕೊನೆಯ ಪ್ರಶ್ನೆಗೆ ಎಲ್ಲ ಕಡೆಯೂ ಒಂದೇ ಉತ್ತರ ಇರಬೇಕು ಎಂದು ನಾನು ಹೇಳುತ್ತೇನೆ. ಟಿಎ ಆದವರು ವಿದ್ಯಾರ್ಥಿಯ ಮೇಲೆ ತಾವೇ ಆರೋಪ ಹೊರಿಸಬಾರದು, ಶಿಕ್ಷೆಯನ್ನೂ ಕೊಡಬಾರದು. ಎರಡು ಹಾಳೆಗಳನ್ನು ಜೊತೆಗಿಟ್ಟು, ಹೋಲಿಕೆ ಕಂಡ ಸಾಲುಗಳಿಗೆ ಗುರುತು ಹಾಕಿ ಪ್ರೊಫೆಸರ್ ಕೈಗೆ ಕೊಡುವುದು ನಿಮ್ಮ ಕೆಲಸ. ವಿಚಾರಣೆ ಅವರ ಕೆಲಸ.

ಮಾತಾಡಿ ಬಂದ ಮೇಲೆ ಒಪ್ಪಿದ್ದೆಲ್ಲವನ್ನೂ ಒಂದು ಸಣ್ಣ ಇಮೇಲ್‌ನಲ್ಲಿ ಬರೆದು ಪ್ರೊಫೆಸರ್‌ಗೆ ಕಳಿಸಿ. ಸೆಮಿಸ್ಟರ್‌ನ ನಡುವೆ ಗೊಂದಲವಾದಾಗ ನೆನಪನ್ನು ನಂಬುವ ಪಾಡು ಇಬ್ಬರಿಗೂ ಬೇಡ.

ಇದೇ ಹಂತದಲ್ಲಿ ನಿಮ್ಮ ಸ್ವಂತ ಸಂಬಂಧಗಳನ್ನೂ ಹೇಳಿಬಿಡಿ. ತರಗತಿಯಲ್ಲಿ ನಿಮ್ಮ ತಮ್ಮನೋ ರೂಮ್‌ಮೇಟೋ ಇದ್ದರೆ ಅವರ ಹಾಳೆಯನ್ನು ಬೇರೆ ಟಿಎ ನೋಡಲಿ. ನೀವು ಅಂಕ ಹಾಕುವ ವಿದ್ಯಾರ್ಥಿಗೆ ದುಡ್ಡು ತೆಗೆದುಕೊಂಡು ಟ್ಯೂಷನ್ ಹೇಳುವುದಂತೂ ಬೇಡವೇ ಬೇಡ.

ಎರಡನೆಯ ಹೆಜ್ಜೆ: ಒಂದು ಪುಟ, ಪ್ರತಿ ನಿಯಮಕ್ಕೂ ಕಾರಣ

ನಿಯಮಗಳು ಒಂದೇ ಪುಟದಲ್ಲಿ ಮುಗಿಯಲಿ. ಎರಡನೆಯ ಪುಟವನ್ನು ಯಾರೂ ಓದುವುದಿಲ್ಲ. ಪ್ರತಿ ನಿಯಮದ ಪಕ್ಕದಲ್ಲಿ ಒಂದು ಸಾಲಿನ ಕಾರಣ ಕೊಡಿ. "ಪ್ರತಿ ಪ್ರಶ್ನೆಯನ್ನೂ ಹೊಸ ಹಾಳೆಯಲ್ಲಿ ಶುರುಮಾಡಿ" ಎಂದಷ್ಟೇ ಬರೆದರೆ ಅದು ಅಧಿಕಾರದ ದನಿ. "ಒಂದು ಪ್ರಶ್ನೆಯನ್ನು ಎಲ್ಲರದೂ ಒಟ್ಟಿಗೆ ನೋಡುತ್ತೇನೆ, ಆಗ ಅಳತೆ ಎಲ್ಲರಿಗೂ ಒಂದೇ ಇರುತ್ತದೆ, ಹಾಗಾಗಿ ಹೊಸ ಹಾಳೆ" ಎಂದರೆ ವಿದ್ಯಾರ್ಥಿಗೆ ಅದು ತನ್ನ ಒಳಿತಿಗೇ ಇದೆ ಎಂದು ಗೊತ್ತಾಗುತ್ತದೆ. ಗಣಿತದಲ್ಲಿ ಕಾರಣವಿಲ್ಲದ ಹೇಳಿಕೆಯನ್ನು ನಾವು ಒಪ್ಪುವುದಿಲ್ಲ. ನಿಯಮಗಳಲ್ಲೂ ಹಾಗೇ ಇರಲಿ. ನಿಮಗೆ ಕಾರಣ ಹೊಳೆಯದ ನಿಯಮವಿದ್ದರೆ ಅದನ್ನು ಪಟ್ಟಿಯಿಂದ ತೆಗೆಯಿರಿ.

ಮೊದಲ ಟ್ಯುಟೋರಿಯಲ್‌ನಲ್ಲಿ ಈ ಪುಟವನ್ನು ಓದಿ ಹೇಳಿ, ಪ್ರಶ್ನೆ ಕೇಳಲು ಬಿಡಿ. ನಡುವೆ ನಿಯಮ ಬದಲಿಸಬೇಕಾಗಿ ಬಂದರೆ ಅದು ಮುಂದಿನ ಹೋಮ್‌ವರ್ಕ್‌ನಿಂದ ಜಾರಿಗೆ ಬರಬೇಕು. ಈಗಾಗಲೇ ಒಪ್ಪಿಸಿದ ಹಾಳೆಗೆ ಹೊಸ ನಿಯಮ ತಗಲಬಾರದು.

ಮೂರನೆಯ ಹೆಜ್ಜೆ: ಪೂರ್ಣ ಉತ್ತರ ಎಂದರೇನು ಎಂದು ತೋರಿಸಿ

ಹೆಚ್ಚು ಶ್ರಮ ಹಾಕಬೇಕಾದ ಹೆಜ್ಜೆ ಇದು. ಪ್ರೌಢಶಾಲೆಯಿಂದ ಬಂದ ವಿದ್ಯಾರ್ಥಿಗೆ ಲೆಕ್ಕ ಎಂದರೆ ಸಮ ಚಿಹ್ನೆಗಳ ಒಂದು ಉದ್ದ ಸಾಲು, ಕೊನೆಗೊಂದು ಡಬ್ಬಿಯೊಳಗೆ ಉತ್ತರ. ವಿಶ್ವವಿದ್ಯಾಲಯದಲ್ಲಿ ನಿರೀಕ್ಷೆ ಬದಲಾಗಿದೆ ಎಂದು ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರುವುದಿಲ್ಲ. "ಹಂತಗಳನ್ನು ತೋರಿಸಿ" ಎಂಬ ಮಾತೂ ಸಾಲದು. ಯಾವ ಹಂತ, ಎಷ್ಟು, ಯಾರಿಗಾಗಿ ಎಂದು ಹೇಳಬೇಕು.

ನಾನು ಕೊಡುವ ಅಳತೆ ಇದು: ಅದೇ ತರಗತಿಯಲ್ಲಿ ಕೂತಿರುವ, ಆದರೆ ಈ ಲೆಕ್ಕವನ್ನು ಇನ್ನೂ ಮಾಡಿರದ ಗೆಳೆಯನಿಗೆ ಬರೆಯಿರಿ. ನೀವು ಪಕ್ಕದಲ್ಲಿ ನಿಂತು ವಿವರಿಸದೆಯೇ ಅವನು ಅದನ್ನು ಓದಿ ಒಪ್ಪಬೇಕು. ಅವನಿಗೆ ಗೊತ್ತಿರುವ ಬೀಜಗಣಿತವನ್ನು ಬಿಡಿಸಿ ಬರೆಯುವ ಅಗತ್ಯವಿಲ್ಲ. ಅವನು "ಇದು ಯಾಕೆ?" ಎಂದು ನಿಲ್ಲುವ ಕಡೆ ಮಾತ್ರ ಒಂದು ವಾಕ್ಯ ಬೇಕೇ ಬೇಕು.

ಜೊತೆಗೆ ಮೊದಲ ವಾರದಲ್ಲೇ ಈ ಕೆಳಗಿನ ತಪ್ಪುಗಳನ್ನು ಉದಾಹರಣೆಯೊಂದಿಗೆ ಬೋರ್ಡಿನ ಮೇಲೆ ಬರೆದು ತೋರಿಸಿ. ವರ್ಷ ವರ್ಷವೂ ಇವೇ ಬರುತ್ತವೆ.

ಉದಾಹರಣೆಗಳನ್ನೇ ಸಾಧನೆ ಎಂದುಕೊಳ್ಳುವುದು. ಎನ್ ವರ್ಗ, ಅದಕ್ಕೆ ಎನ್, ಅದಕ್ಕೆ 41 ಕೂಡಿಸಿ ನೋಡಿ. ಎನ್ ಬೆಲೆ 0 ಇದ್ದಾಗ 41, 1 ಇದ್ದಾಗ 43, 2 ಇದ್ದಾಗ 47. ಹೀಗೆ 39ರವರೆಗೂ ಬರುವುದೆಲ್ಲ ಅವಿಭಾಜ್ಯ ಸಂಖ್ಯೆಗಳೇ. ಸತತ ನಲವತ್ತು ಸಲ ಸರಿ ಹೋದದ್ದು 40ಕ್ಕೆ ಬಂದಾಗ ಮುರಿಯುತ್ತದೆ: 1600 + 40 + 41 ಎಂದರೆ 1681, ಅದು 41ರ ವರ್ಗ. ಗಣಿತಜ್ಞ ಆಯ್ಲರ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಸೂತ್ರವನ್ನು ಒಮ್ಮೆ ತೋರಿಸಿದರೆ ಸಾಕು, "ಐದು ಸಂಖ್ಯೆ ಹಾಕಿ ನೋಡಿದೆ, ಸರಿ ಬಂತು" ಎಂಬ ವಾದ ಮತ್ತೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಸಾಧಿಸಬೇಕಾದುದರಿಂದಲೇ ಶುರುಮಾಡುವುದು. ಸಾಧಿಸಬೇಕಾದ ಸಮೀಕರಣವನ್ನೇ ಮೊದಲ ಸಾಲಿಗೆ ಬರೆದು, ಎರಡೂ ಕಡೆ ಏನೇನೋ ಮಾಡಿ, ಕೊನೆಗೆ 0 = 0 ಎಂದು ತಂದು "ಸಾಧಿಸಲಾಯಿತು" ಎನ್ನುವುದು. ಇದರಲ್ಲಿ ತಪ್ಪೇನು ಎಂದು ಕೇಳಿದರೆ 1 = −1 ಎಂದು ಬರೆದು ಎರಡೂ ಕಡೆ ವರ್ಗ ಮಾಡಿ ತೋರಿಸಿ. 1 = 1 ಎಂಬ ನಿಜ ಕೈಗೆ ಬರುತ್ತದೆ, ಆದರೆ ಹೊರಟ ಮಾತು ಸುಳ್ಳು. ಹಿಂದಿನಿಂದ ಯೋಚಿಸುವುದು ತಪ್ಪಲ್ಲ, ಕಚ್ಚಾ ಹಾಳೆಯಲ್ಲಿ ಎಲ್ಲರೂ ಹಾಗೇ ಯೋಚಿಸುತ್ತಾರೆ. ಒಪ್ಪಿಸುವ ಹಾಳೆಯಲ್ಲಿ ಮಾತ್ರ ಗೊತ್ತಿರುವುದರಿಂದ ಹೊರಟು ಗೊತ್ತಿಲ್ಲದುದಕ್ಕೆ ಬರಬೇಕು.

ಸೊನ್ನೆಯಾಗಬಹುದಾದುದರಿಂದ ಭಾಗಿಸುವುದು. ಎಕ್ಸ್ ವರ್ಗ = 3 ಎಕ್ಸ್ ಎಂಬಲ್ಲಿ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿದರೆ 3 ಉಳಿಯುತ್ತದೆ, 0 ಎಂಬ ಇನ್ನೊಂದು ಉತ್ತರ ಸದ್ದಿಲ್ಲದೆ ಕಳೆದುಹೋಗುತ್ತದೆ.

ವಿಲೋಮವನ್ನು, ಅಂದರೆ ಪ್ರಮೇಯವನ್ನು ಹಿಂದುಮುಂದಾಗಿಸಿದ ಮಾತನ್ನು, ಬಳಸಿಬಿಡುವುದು. ಅನಂತ ಶ್ರೇಣಿಯೊಂದು ಒಂದು ಮೊತ್ತಕ್ಕೆ ಒಮ್ಮುಖವಾದರೆ ಅದರ ಪದಗಳು ಸೊನ್ನೆಯತ್ತ ಸಾಗುತ್ತವೆ, ಇದು ಪ್ರಮೇಯ. ಪದಗಳು ಸೊನ್ನೆಯತ್ತ ಸಾಗಿದ ಮಾತ್ರಕ್ಕೆ ಶ್ರೇಣಿ ಒಮ್ಮುಖವಾಗುವುದಿಲ್ಲ. 1 + 1/2 + 1/3 + 1/4 ಎಂದು ಸಾಗುವ ಹಾರ್ಮೋನಿಕ್ ಶ್ರೇಣಿ ಎಲ್ಲೆಯಿಲ್ಲದೆ ಬೆಳೆಯುತ್ತದೆ. ಕ್ಯಾಲ್ಕುಲಸ್ ಹಾಳೆಗಳಲ್ಲಿ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ.

ಪ್ರಮೇಯದ ಷರತ್ತುಗಳನ್ನು ನೋಡದೆ ಅದನ್ನು ಬಳಸುವುದೂ ಇದೇ ಜಾತಿಯದು. ಹಾಗಾಗಿ ಒಂದು ನಿಯಮವನ್ನು ಸ್ಪಷ್ಟವಾಗಿ ಬರೆಯಿರಿ: ಪ್ರಮೇಯದ ಹೆಸರು ಹೇಳಿದ ಕೂಡಲೇ ಅದರ ಪ್ರತಿ ಷರತ್ತೂ ಇಲ್ಲಿ ಪಾಲನೆಯಾಗಿದೆ ಎಂದು ಒಂದು ಸಾಲಿನಲ್ಲಿ ತೋರಿಸಬೇಕು.

ಅಕ್ಷರ ಚೆನ್ನಾಗಿರಬೇಕೆಂಬ ನಿಯಮ ಬೇಡ. ಓದಲು ಬರಬೇಕು, ಅಷ್ಟೇ. ಟೈಪ್ ಮಾಡುವವರು ಗಣಿತದ ಬರಹಕ್ಕೆಂದೇ ಇರುವ ಲೇಟೆಕ್ ತಂತ್ರಾಂಶ ಬಳಸಲಿ, ಕೈಬರಹದವರು ಬರೆದು ಸ್ಕ್ಯಾನ್ ಮಾಡಲಿ. ಟೈಪ್ ಮಾಡಿದ ಹಾಳೆ ನೋಡಲು ಅಚ್ಚುಕಟ್ಟು ಎಂಬ ಕಾರಣಕ್ಕೆ ನಿಮ್ಮ ಪೆನ್ನು ಉದಾರವಾಗಬಾರದು.

ನಾಲ್ಕನೆಯ ಹೆಜ್ಜೆ: ಒಟ್ಟಿಗೆ ಚರ್ಚಿಸಲಿ, ಒಬ್ಬರೇ ಬರೆಯಲಿ

ಗುಂಪಿನಲ್ಲಿ ಲೆಕ್ಕ ಮಾಡುವುದನ್ನು ನಿಷೇಧಿಸಬೇಡಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಗಣಿತ ಶಿಕ್ಷಣತಜ್ಞ ಯೂರಿ ಟ್ರೈಸ್‌ಮನ್ ಅವರು ಮೊದಲ ವರ್ಷದ ಕ್ಯಾಲ್ಕುಲಸ್ ವಿದ್ಯಾರ್ಥಿಗಳು ಹೇಗೆ ಓದುತ್ತಾರೆ ಎಂದು ಹತ್ತಿರದಿಂದ ಗಮನಿಸಿದರು. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಮೊದಲು ತಾವು ಪ್ರತ್ಯೇಕವಾಗಿ ಪ್ರಯತ್ನಿಸಿ, ಆಮೇಲೆ ಸೇರಿ ಒಬ್ಬರ ಉತ್ತರವನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು. ಹಿಂದೆ ಬೀಳುತ್ತಿದ್ದ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಶ್ರಮದಲ್ಲಿ ಕಡಿಮೆಯಿರಲಿಲ್ಲ, ಆದರೆ ಬಹುತೇಕ ಒಂಟಿಯಾಗಿಯೇ ಓದುತ್ತಿದ್ದರು. ಕಷ್ಟದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ದುಡಿಸುವ ಕಾರ್ಯಾಗಾರಗಳನ್ನು ಟ್ರೈಸ್‌ಮನ್ ಕಟ್ಟಿದರು, ಅದರಲ್ಲಿ ಸೇರಿದವರ ಫಲಿತಾಂಶ ಎದ್ದು ಕಾಣುವಂತೆ ಸುಧಾರಿಸಿತು. ಸೋತವರಿಗೆ ಸುಲಭದ ಲೆಕ್ಕ ಕೊಡುವುದೇ ಸಹಾಯ ಎಂದು ನಂಬಿದವರು ಇದನ್ನು ಮತ್ತೆ ಮತ್ತೆ ನೆನೆಯಬೇಕು.

ಹಾಗಾಗಿ ನಿಯಮ ಹೀಗಿರಲಿ. ಎಷ್ಟು ಬೇಕಾದರೂ ಚರ್ಚಿಸಿ, ಬೋರ್ಡಿನ ಮೇಲೆ ಒಟ್ಟಿಗೆ ಬಿಡಿಸಿ. ಬರೆಯುವ ಹೊತ್ತಿಗೆ ಎಲ್ಲವನ್ನೂ ಮುಚ್ಚಿಟ್ಟು ಒಬ್ಬರೇ ಕೂತು ಬರೆಯಿರಿ. ಹಾಳೆಯ ಮೇಲ್ಭಾಗದಲ್ಲಿ ಯಾರ ಜೊತೆ ಚರ್ಚಿಸಿದಿರಿ, ಯಾವ ಪುಸ್ತಕ ನೋಡಿದಿರಿ ಎಂದು ನಮೂದಿಸಿ. ಹೀಗೆ ನಮೂದಿಸಿದ್ದಕ್ಕೆ ಅಂಕ ಕಡಿತವಾಗುವುದಿಲ್ಲ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ, ಇಲ್ಲವಾದರೆ ಭಯಕ್ಕೆ ಯಾರೂ ನಮೂದಿಸುವುದಿಲ್ಲ.

ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ಕೋರ್ಸಿನ ನಿಯಮ ಏನಿದೆಯೋ ಅದನ್ನೇ ಹಾಕಿ, ನಿಮ್ಮದೇ ಒಂದು ಹೊಸ ನಿಯಮ ಸೇರಿಸಬೇಡಿ. ಆದರೆ ಒಂದು ಪರೀಕ್ಷೆಯನ್ನು ಎಲ್ಲರಿಗೂ ಹೇಳಿಡಬಹುದು: ಒಪ್ಪಿಸಿದ ಯಾವುದೇ ಉತ್ತರವನ್ನು, ಹಾಳೆ ನೋಡದೆ, ಬೋರ್ಡಿನ ಮುಂದೆ ನಿಂತು ವಿವರಿಸಲು ನಿಮಗೆ ಬರಬೇಕು. ಗೆಳೆಯನಿಂದ ಬಂದದ್ದಾಗಲಿ, ಪುಸ್ತಕದಿಂದಾಗಲಿ, ಯಂತ್ರದಿಂದಾಗಲಿ, ಈ ಅಳತೆ ಎಲ್ಲಕ್ಕೂ ಸಲ್ಲುತ್ತದೆ.

ಐದನೆಯ ಹೆಜ್ಜೆ: ಟ್ಯುಟೋರಿಯಲ್ ನಡೆಸುವಾಗ

ಟ್ಯುಟೋರಿಯಲ್ ಎರಡನೆಯ ಉಪನ್ಯಾಸವಾಗಬಾರದು. ನೀವು ಬೋರ್ಡಿನ ಮೇಲೆ ಚಕಚಕ ಲೆಕ್ಕ ಬಿಡಿಸುತ್ತ ಹೋದರೆ ಎಲ್ಲರಿಗೂ ಅರ್ಥವಾದಂತೆ ಅನಿಸುತ್ತದೆ, ಮನೆಗೆ ಹೋಗಿ ಕೂತರೆ ಒಂದು ಸಾಲೂ ಹೊರಡುವುದಿಲ್ಲ. ವಿದ್ಯಾರ್ಥಿಗಳಿಂದ ನೀವು ನಿರೀಕ್ಷಿಸುವುದು ಎರಡು: ಲೆಕ್ಕವನ್ನು ಮೊದಲೇ ಪ್ರಯತ್ನಿಸಿ ಬರಬೇಕು, ಎಲ್ಲಿ ಸಿಕ್ಕಿಕೊಂಡಿತು ಎಂದು ಹೇಳಲು ತಯಾರಿರಬೇಕು. "ಮೂರನೆಯ ಲೆಕ್ಕ ಬರಲಿಲ್ಲ" ಎಂದರೆ ಸಾಲದು, "ಮೂರನೆಯದರಲ್ಲಿ ಇಲ್ಲಿಯವರೆಗೆ ಬಂದೆ, ಮುಂದೆ ದಾರಿ ಕಾಣಲಿಲ್ಲ" ಎನ್ನಬೇಕು.

ನಿಮ್ಮ ಕಡೆಯಿಂದ ಬೇಕಾದದ್ದು ತಾಳ್ಮೆ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ ಎಂದು ಕಂಡರು. ಮೂರು ಸೆಕೆಂಡು ಅಥವಾ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಮೊದಲು ಸುಮ್ಮನಿದ್ದ ಮಕ್ಕಳೂ ಮಾತಾಡಿದರು. ಗಣಿತದ ಪ್ರಶ್ನೆಗೆ ಮೂರೂ ಸಾಲದು. ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನ ನಿಮಗಷ್ಟೇ ಉದ್ದ ಅನಿಸುತ್ತದೆ, ಯೋಚಿಸುತ್ತಿರುವವರಿಗೆ ಅಲ್ಲ.

ತಪ್ಪು ಉತ್ತರ ಬಂದಾಗ "ಅಲ್ಲ" ಎಂದು ಮುಂದಿನವರತ್ತ ತಿರುಗಬೇಡಿ. ಅದನ್ನು ಬೋರ್ಡಿನ ಮೇಲೆ ಬರೆದು ಎಲ್ಲಿಯವರೆಗೆ ಸರಿ ಇದೆ ಎಂದು ತರಗತಿಯನ್ನೇ ಕೇಳಿ. "ಇದು ಸುಲಭ", "ಇದು ಗೊತ್ತಿರಲೇಬೇಕು" ಎಂಬ ಮಾತುಗಳನ್ನು ನಿಮ್ಮ ಬಾಯಿಂದ ಪೂರ್ತಿ ತೆಗೆದುಹಾಕಿ. ಗೊತ್ತಿಲ್ಲದವರು ಅಂದಿನಿಂದ ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. ನಿಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಹಾಗೆಂದು ಹೇಳಿ, ಮುಂದಿನ ವಾರ ತರುತ್ತೇನೆ ಎಂದು ಮಾತು ಕೊಡಿ, ತನ್ನಿ.

ಆರನೆಯ ಹೆಜ್ಜೆ: ಆಫೀಸ್ ಅವರ್, ಇಮೇಲ್, ತಡವಾದ ಹಾಳೆ

ವಾರದಲ್ಲಿ ಎರಡು ಬೇರೆ ಬೇರೆ ದಿನ, ಒಂದು ಬೆಳಗ್ಗೆ ಒಂದು ಸಂಜೆ, ಆಫೀಸ್ ಅವರ್ ಇಡಿ, ಅಂದರೆ ವಿದ್ಯಾರ್ಥಿಗಳು ಬಂದು ಸಂದೇಹ ಕೇಳುವ ಹೊತ್ತು. ಅದರಲ್ಲೊಂದು ಹೋಮ್‌ವರ್ಕ್ ಒಪ್ಪಿಸುವ ಹಿಂದಿನ ದಿನವಿರಲಿ. ಬಂದವರ ಕೈಯಲ್ಲಿ ಪೆನ್ನು ಇರಲಿ, ನಿಮ್ಮ ಕೈಯಲ್ಲಲ್ಲ. ಇಮೇಲ್‌ಗೆ ಕೆಲಸದ ದಿನಗಳಲ್ಲಿ 24 ಗಂಟೆಯೊಳಗೆ ಉತ್ತರಿಸುತ್ತೇನೆ ಎಂದು ಹೇಳಿ, ಹೇಳಿದಂತೆ ನಡೆಯಿರಿ. ಒಬ್ಬರಿಗೆ ಕೊಟ್ಟ ಸುಳಿವು ಎಲ್ಲರಿಗೂ ಬೇಕಾದದ್ದಾದರೆ ಹೆಸರು ತೆಗೆದು ಇಡೀ ತರಗತಿಗೆ ಕಳಿಸಿ.

ತಡವಾದ ಹಾಳೆಗಳಿಗೆ ಒಳ್ಳೆಯ ವ್ಯವಸ್ಥೆಯೆಂದರೆ, ಪ್ರೊಫೆಸರ್ ಒಪ್ಪಿದರೆ, ಅತಿ ಕಡಿಮೆ ಅಂಕ ಬಂದ ಒಂದು ಹೋಮ್‌ವರ್ಕ್ ಅನ್ನು ಎಲ್ಲರಿಗೂ ಲೆಕ್ಕದಿಂದ ಬಿಡುವುದು. ಆಗ ಸಣ್ಣಪುಟ್ಟ ಕಾರಣಗಳನ್ನು ತೂಗುವ ಕೆಲಸ ನಿಮ್ಮ ಮೇಲೆ ಬೀಳುವುದಿಲ್ಲ, ವಿದ್ಯಾರ್ಥಿಯೂ ತನ್ನ ಖಾಸಗಿ ಕಷ್ಟವನ್ನು ನಿಮ್ಮ ಮುಂದೆ ಬಿಚ್ಚಿಡಬೇಕಿಲ್ಲ. ಉತ್ತರಗಳನ್ನು ಪ್ರಕಟಿಸಿದ ಮೇಲೆ ಬಂದ ಹಾಳೆಗೆ ಅಂಕವಿಲ್ಲ ಎಂಬ ಗೆರೆ ಮಾತ್ರ ಗಟ್ಟಿ ಇರಲಿ.

ಏಳನೆಯ ಹೆಜ್ಜೆ: ಅಂಕ ಹಾಕುವುದು

ಮೊದಲು ನೀವೇ ಲೆಕ್ಕವನ್ನು ಪೂರ್ತಿ ಬಿಡಿಸಿ. ಆಮೇಲೆ ಹತ್ತು ಹದಿನೈದು ಹಾಳೆಗಳನ್ನು ಅಂಕ ಹಾಕದೆ ಸುಮ್ಮನೆ ಓದಿ. ನೀವು ಊಹಿಸದ ದಾರಿಗಳು, ನೀವು ಊಹಿಸದ ತಪ್ಪುಗಳು ಕಾಣುತ್ತವೆ. ಆಗ ಅಂಕಗಳ ಹಂಚಿಕೆ ಬರೆಯಿರಿ.

ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಎಕ್ಸ್ 2ನ್ನು ಸಮೀಪಿಸಿದಾಗ ಎಕ್ಸ್ ವರ್ಗದ ಮಿತಿ 4 ಎಂದು ಎಪ್ಸಿಲಾನ್-ಡೆಲ್ಟಾ ವ್ಯಾಖ್ಯೆಯಿಂದಲೇ ಸಾಧಿಸಬೇಕು, 10 ಅಂಕ. ಅಂದರೆ ಎಕ್ಸ್ ಮತ್ತು 2ರ ಅಂತರ ಡೆಲ್ಟಾಕ್ಕಿಂತ ಕಡಿಮೆಯಿದ್ದರೆ ಎಕ್ಸ್ ವರ್ಗ ಮತ್ತು 4ರ ಅಂತರ ಎಪ್ಸಿಲಾನ್‌ಗಿಂತ ಕಡಿಮೆ ಎಂದು ತೋರಿಸಬೇಕು. ಎಪ್ಸಿಲಾನ್ ಯಾವುದೇ ಇರಲಿ, ಅದಕ್ಕೆ ತಕ್ಕ ಡೆಲ್ಟಾ ಹುಡುಕಬೇಕು ಎಂದು ಸರಿಯಾಗಿ ಶುರುಮಾಡಿದ್ದಕ್ಕೆ 2. ಎಕ್ಸ್ ವರ್ಗದಿಂದ 4 ಕಳೆದದ್ದನ್ನು ಎಕ್ಸ್ − 2 ಮತ್ತು ಎಕ್ಸ್ + 2 ಎಂಬ ಎರಡು ಅಪವರ್ತನಗಳಾಗಿ ಒಡೆದದ್ದಕ್ಕೆ 2. ಎಕ್ಸ್ ಮತ್ತು 2ರ ಅಂತರ 1ಕ್ಕಿಂತ ಕಡಿಮೆ ಎಂದು ಕಟ್ಟು ಹಾಕಿದರೆ ಎಕ್ಸ್ 1 ಮತ್ತು 3ರ ನಡುವೆ ಸಿಗುತ್ತದೆ, ಆದ್ದರಿಂದ ಎಕ್ಸ್ + 2 ಎಂಬುದು 5ನ್ನು ಮೀರುವುದಿಲ್ಲ. ಲೆಕ್ಕದ ಜೀವ ಇರುವುದೇ ಇಲ್ಲಿ, ಇದಕ್ಕೆ 3. ಡೆಲ್ಟಾವನ್ನು 1 ಮತ್ತು ಎಪ್ಸಿಲಾನ್‌ನ ಐದನೇ ಒಂದು ಭಾಗ, ಇವೆರಡರಲ್ಲಿ ಚಿಕ್ಕದು ಎಂದು ಆರಿಸಿದ್ದಕ್ಕೆ 1. ಆ ಡೆಲ್ಟಾದಿಂದ ಹೊರಟು ಎಪ್ಸಿಲಾನ್‌ವರೆಗೆ ವಾದವನ್ನು ಮುಂದಕ್ಕೆ ಬರೆದು ಮುಗಿಸಿದ್ದಕ್ಕೆ 2.

ಈಗ ಒಬ್ಬ ವಿದ್ಯಾರ್ಥಿ ಡೆಲ್ಟಾ ಎಂದರೆ ಎಪ್ಸಿಲಾನ್ ಭಾಗಿಸು ಎಕ್ಸ್ + 2 ಎಂದು ಬರೆದಿದ್ದಾನೆ ಎನ್ನಿ. ನೋಡಲು ಅಚ್ಚುಕಟ್ಟು, ಬೀಜಗಣಿತವೂ ಸರಿ. ಆದರೆ ಡೆಲ್ಟಾ ಎಕ್ಸ್‌ನ ಮೇಲೆ ಅವಲಂಬಿಸುವಂತಿಲ್ಲ, ಎಕ್ಸ್ ಬರುವ ಮೊದಲೇ ಡೆಲ್ಟಾ ನಿಗದಿಯಾಗಬೇಕು. ಜೀವದ 3 ಅಂಕವೂ ಆಯ್ಕೆಯ 1 ಅಂಕವೂ ಹೋಗುತ್ತವೆ, ಮೊದಲ 4 ಉಳಿಯುತ್ತವೆ. ಮುಂದಕ್ಕೆ ಬರೆದ ವಾದದ ರೂಪ ಸರಿಯಿದ್ದರೆ ಅದಕ್ಕೆ 1 ಕೊಡಬಹುದು. ಹಂಚಿಕೆ ಮೊದಲೇ ಬರೆದಿಟ್ಟಿದ್ದರೆ ಈ ತೀರ್ಮಾನ ಎಲ್ಲ ಹಾಳೆಗೂ ಒಂದೇ ಆಗುತ್ತದೆ, ವಿದ್ಯಾರ್ಥಿ ಬಂದು ಕೇಳಿದಾಗ ಹೇಳಲು ನಿಮ್ಮ ಬಳಿ ಕಾರಣವೂ ಇರುತ್ತದೆ.

ಒಂದು ಪ್ರಶ್ನೆಯನ್ನು ಎಲ್ಲರದೂ ಮುಗಿಸಿ ಮುಂದಿನ ಪ್ರಶ್ನೆಗೆ ಹೋಗಿ. ಪ್ರತಿ ಪ್ರಶ್ನೆಗೂ ಹಾಳೆಗಳ ಕ್ರಮ ಬದಲಿಸಿ, ಆಯಾಸದ ಹೊತ್ತಿಗೆ ಯಾವಾಗಲೂ ಅದೇ ಹೆಸರುಗಳು ಕೈಗೆ ಬರಬಾರದು. ಸಾಧ್ಯವಾದರೆ ಹೆಸರನ್ನು ಮರೆಮಾಡಿ. ಮುಗಿದ ಮೇಲೆ ಮೊದಲ ಐದು ಹಾಳೆಗಳನ್ನು ಮತ್ತೆ ನೋಡಿ, ನಿಮ್ಮ ಅಳತೆ ನಡುವೆ ಜರುಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಟಿಎಗಳು ಹಲವರಿದ್ದರೆ ಪ್ರಶ್ನೆಗಳನ್ನು ಹಂಚಿಕೊಳ್ಳಿ, ವಿದ್ಯಾರ್ಥಿಗಳನ್ನಲ್ಲ.

ಆರಂಭದ ಕೂಡಿಸುವ ತಪ್ಪೊಂದು ಕೊನೆಯವರೆಗೆ ಹರಿದು ಬಂದಿದ್ದರೆ ಒಂದೇ ಸಲ ಅಂಕ ಕಳೆಯಿರಿ. ಆದರೆ ಆ ತಪ್ಪಿನಿಂದಾಗಿ ಉಳಿದ ಲೆಕ್ಕವೇ ಸುಲಭವಾಗಿಬಿಟ್ಟಿದ್ದರೆ ಕಷ್ಟದ ಭಾಗಕ್ಕಿದ್ದ ಅಂಕ ಸಲ್ಲುವುದಿಲ್ಲ. ನಿಮ್ಮ ದಾರಿಗಿಂತ ಬೇರೆ ದಾರಿ ಹಿಡಿದವರ ಉತ್ತರ ಸರಿಯಿದ್ದರೆ ಪೂರ್ಣ ಅಂಕ ಕೊಡಿ. "ನನಗೆ ಈ ಹಂತ ಸಾಧಿಸಲು ಆಗಲಿಲ್ಲ, ಅದು ನಿಜವೆಂದುಕೊಂಡು ಮುಂದುವರಿಯುತ್ತೇನೆ" ಎಂದು ಪ್ರಾಮಾಣಿಕವಾಗಿ ಬರೆದವರಿಗೆ, ಆ ಹಂತವನ್ನು ಮಾತಿನಲ್ಲಿ ಮುಚ್ಚಿಹಾಕಿದವರಿಗಿಂತ ಹೆಚ್ಚು ಅಂಕ ಇರಬೇಕು. ಇದನ್ನು ನಿಯಮದ ಪುಟದಲ್ಲೇ ಬರೆಯಿರಿ. ತನಗೆ ಏನು ಗೊತ್ತಿಲ್ಲ ಎಂದು ಗುರುತಿಸುವುದೂ ಗಣಿತದ ಕಲಿಕೆಯೇ.

ಹಾಳೆಯ ಮೇಲೆ ಕೆಂಪು ಗೆರೆ ಎಳೆದು ಬಿಡಬೇಡಿ. ತರ್ಕ ಮುರಿದ ಮೊದಲ ಸಾಲಿಗೆ ಗುರುತು ಹಾಕಿ, ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯಿರಿ: "ಎಕ್ಸ್ ಸೊನ್ನೆಯಾದರೆ?" "ಇದು ಯಾವ ಪ್ರಮೇಯದಿಂದ ಬಂತು?" ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಮೇಲೆ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಸಿಕ್ಕ ಮಕ್ಕಳ ಆಸಕ್ತಿ ಉಳಿಯಿತು, ಟಿಪ್ಪಣಿಯ ಜೊತೆ ಅಂಕವೂ ಸಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ. ನಿಮ್ಮ ವ್ಯವಸ್ಥೆಯಲ್ಲಿ ಸಾಧ್ಯವಿದ್ದರೆ ಟಿಪ್ಪಣಿ ಇರುವ ಹಾಳೆಯನ್ನು ಮೊದಲು ಕೊಟ್ಟು, ಅಂಕವನ್ನು ಒಂದು ದಿನ ತಡವಾಗಿ ತೋರಿಸಿ. ಅಂಕಪಟ್ಟಿಯನ್ನು ಹೆಸರಿನೊಂದಿಗೆ ಎಲ್ಲರ ಮುಂದೆ ಇಡಬೇಡಿ. ಹಾಳೆಗಳನ್ನು ಒಂದು ವಾರದೊಳಗೆ ಮರಳಿಸಿ, ಮುಂದಿನ ಹೋಮ್‌ವರ್ಕ್ ಒಪ್ಪಿಸಿದ ಮೇಲೆ ಬಂದ ಟಿಪ್ಪಣಿಯಿಂದ ಯಾರೂ ತಿದ್ದಿಕೊಳ್ಳಲಾರರು.

ಎಂಟನೆಯ ಹೆಜ್ಜೆ: ಮರುಪರಿಶೀಲನೆ

ಅಂಕದ ಬಗ್ಗೆ ತಕರಾರಿದ್ದರೆ ಹಾಳೆ ಸಿಕ್ಕ ಒಂದು ದಿನ ಕಳೆದ ಮೇಲೆ, ಒಂದು ವಾರದೊಳಗೆ, ಬರಹದಲ್ಲಿ ಕೇಳಲಿ. ಮೊದಲ ದಿನದ ಬೇಸರ ಇಳಿಯಲು ಆ ಒಂದು ದಿನ ಬೇಕು. ಅರ್ಜಿಯಲ್ಲಿ ಎಷ್ಟು ಅಂಕ ಬೇಕು ಎಂದಲ್ಲ, ತನ್ನ ಯಾವ ಸಾಲನ್ನು ಟಿಎ ತಪ್ಪಾಗಿ ಓದಿದ್ದಾರೆ ಎಂದು ಬರೆಯಲಿ. ಮೊತ್ತ ಕೂಡುವಾಗ ಆದ ತಪ್ಪಿದ್ದರೆ ಇವಾವುದೂ ಬೇಡ, ಅಲ್ಲೇ ಸರಿಪಡಿಸಿ.

ಅರ್ಜಿ ಬಂದಾಗ ಇಡೀ ಪ್ರಶ್ನೆಯನ್ನು ಅದೇ ಹಂಚಿಕೆ ಹಿಡಿದು ಮತ್ತೆ ಓದಿ. ವಿದ್ಯಾರ್ಥಿ ಹೇಳಿದ್ದು ಸರಿಯಿದ್ದರೆ ಕೂಡಲೇ ಅಂಕ ಸೇರಿಸಿ, ಅದೇ ರೀತಿ ಬರೆದ ಇತರರ ಹಾಳೆಗಳನ್ನೂ ಹುಡುಕಿ ಸೇರಿಸಿ. ಕೇಳಿದವರಿಗೆ ಮಾತ್ರ ನ್ಯಾಯ ಸಿಕ್ಕರೆ ಕೇಳಲು ಹಿಂಜರಿಯುವವರಿಗೆ ಅನ್ಯಾಯ. ಸರಿಯಿಲ್ಲದಿದ್ದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆದು ತಿಳಿಸಿ, ಒಪ್ಪದಿದ್ದರೆ ಪ್ರೊಫೆಸರ್ ಬಳಿ ಹೋಗಬಹುದೆಂದು ನೀವೇ ಹೇಳಿ. ಹಾಗೆ ಹೋದವರ ಮೇಲೆ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಬೇಡಿ.

ಬದಲಾದ ಪ್ರತಿ ಅಂಕವನ್ನೂ ದಿನಾಂಕ ಮತ್ತು ಕಾರಣದೊಂದಿಗೆ ದಾಖಲಿಸಿ. ಸೆಮಿಸ್ಟರ್ ಮುಗಿದಾಗ ಆ ದಾಖಲೆ, ಅಂಕಪಟ್ಟಿ, ಪ್ರತಿ ಪ್ರಶ್ನೆಯ ಹಂಚಿಕೆ ಮತ್ತು ಹೆಚ್ಚು ಕಂಡ ತಪ್ಪುಗಳ ಪಟ್ಟಿಯನ್ನು ಪ್ರೊಫೆಸರ್‌ಗೆ ಒಪ್ಪಿಸಿ. ಮುಂದಿನ ವರ್ಷ ಬರುವ ಟಿಎ ಮೊದಲ ವಾರದಲ್ಲಿ ಬೋರ್ಡಿನ ಮೇಲೆ ಏನು ಬರೆಯಬೇಕು ಎಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ.